ಒಳಗೆ ರೊಟ್ಟಿ ಬಡಿಯುವವರು ಯಾರು?

ಬಿಳಿಜೋಳ ಕಿಲೋಗೆ ಐವತ್ತು ರೂಪಾಯಿ, ಬೀಸುವ ಗಿರಣಿಗೆ ಆರು. ಒಂದು ಕಿಲೋ ಹಿಟ್ಟಿಗೆ ಹದಿನಾಲ್ಕು ರೊಟ್ಟಿ. ಗ್ಯಾಸ್ ತುಟ್ಟಿಯಾದ್ದರಿಂದ ಒಲೆಗೆ ಜಾಲಿ ಕಟ್ಟಿಗೆ. ಖಾನಾವಳಿಯವರು ಒಂದು ರೊಟ್ಟಿಗೆ ಕೊಡುವುದು ಏಳು ರೂಪಾಯಿ. ವಿಜಯಪುರದಲ್ಲಿ ರೊಟ್ಟಿ ಮಾಡಿ ಮಾರುವ ಯಾವ ಮನೆಯಲ್ಲಿ ಕೇಳಿದರೂ ಲೆಕ್ಕ ಹೆಚ್ಚುಕಡಿಮೆ ಇಷ್ಟೇ. ಸ್ಟೇಷನ್ ರಸ್ತೆಯ ಹಿಂದಿನ ಓಣಿಯ ಈ ಮನೆಯಲ್ಲಿ ಮಾತ್ರ ರೊಟ್ಟಿ ಬಡಿಯುವವರು ಈರಯ್ಯ. ಗಂಡಸು, ಅದೂ ಜಂಗಮರ ಮನೆತನದವರು.

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹಿಟ್ಟಿನ ನಡುವೆ ಕುಳಿ ಮಾಡಿ ಕುದಿಯುವ ಎಸರು ಸುರಿಯುತ್ತಾರೆ. ಬಿಸಿ ಆರುವ ಮೊದಲೇ ಅಂಗೈ ಒತ್ತಿ ನಾದುತ್ತಾರೆ. ಹಣೆಯ ಮೇಲೆ ವಿಭೂತಿ, ಮೊಣಕೈತನಕ ಹಿಟ್ಟು. ಬಡಿತಕ್ಕೆ ಸರಿಯಾಗಿ ರೊಟ್ಟಿ ಸುತ್ತು ತಿರುಗುತ್ತಾ ಅಗಲವಾಗುತ್ತದೆ. ಹಂಚಿನ ಮುಂದೆ ಕುಳಿತ ಹೆಂಡತಿ ನಂದಾ ಎಡಗೈಯಲ್ಲಿ ಒದ್ದೆ ಅರಿವೆ ಹಿಡಿದು ರೊಟ್ಟಿಗೆ ನೀರು ಸವರಿ ತಿರುವಿ ಹಾಕುತ್ತಾರೆ. ಒಂಬತ್ತರೊಳಗೆ ಇನ್ನೂರು ಆಗಬೇಕು.

ಮೊದಲು ಇದು ನಂದಾ ಅವರದೇ ಕಸುಬು. ಈರಯ್ಯ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದರು. ಸೋಮವಾರ, ಶ್ರಾವಣ ಬಂದರೆ ಭಕ್ತರ ಮನೆಗಳಿಗೆ ಹೋಗಿ ಪಾದಪೂಜೆ ಮಾಡಿಸಿಕೊಂಡು, ಉಂಡು, ಹರಸಿ ಬರುತ್ತಿದ್ದರು. ತಂದೆಯ ಕಾಲದಿಂದ ನಡೆದು ಬಂದ ಮನೆಗಳವು. ಒಂದು ಮಳೆಗಾಲ ನಂದಾ ಮೆಟ್ಟಿಲ ಮೇಲೆ ಜಾರಿ ಬಲಗೈ ಮಣಿಕಟ್ಟು ಮುರಿದುಕೊಂಡರು. ಎಲುಬು ಕೂಡಿತು, ಬಲ ಕೂಡಲಿಲ್ಲ. ಅದೇ ವರ್ಷ ಬಟ್ಟೆ ಅಂಗಡಿಯೂ ಮುಚ್ಚಿತು. ಖಾನಾವಳಿಗೆ ರೊಟ್ಟಿ ತಪ್ಪಿಸಿದರೆ ಅವರು ಬೇರೆಯವರನ್ನು ಹುಡುಕಿಕೊಳ್ಳುತ್ತಾರೆ. ಈರಯ್ಯ ಬಾಗಿಲಿಗೆ ಚಿಲಕ ಹಾಕಿ ಹಿಟ್ಟಿನ ಮುಂದೆ ಕುಳಿತರು.

“ಮೊದಲನೇ ದಿನ ಒಂದೂ ದುಂಡಗ ಬರಲಿಲ್ರಿ. ಇಕಿ ಕುರ್ಚಿ ಮ್ಯಾಲ ಕುಂತು ನಗಾಕತ್ತಿದ್ಲು,” ಎನ್ನುತ್ತಾರೆ ಈರಯ್ಯ.

“ನಗದ ಏನ ಮಾಡ್ಲಿ? ಯಾರ ಮ್ಯಾಲಿನ ಸಿಟ್ಟೋ ಏನೋ, ಹಂಗ ಗುದ್ದಾಕತ್ತಿದ್ರು,” ಎಂದು ನಂದಾ ಹಂಚಿನ ಕಡೆಯಿಂದಲೇ ಹೇಳುತ್ತಾರೆ. “ರೀ, ಹಿಟ್ಟೇನ ತಪ್ಪ ಮಾಡೇತಿ ಅಂದೆ.”

ಕೆಲವು ತಿಂಗಳಲ್ಲಿ ಕೈ ಹದಕ್ಕೆ ಬಂತು. ಹೆಂಡತಿ ಮಾಡಿದ್ದೆಂದೇ ಖಾನಾವಳಿಯವರು ಒಯ್ಯುತ್ತಿದ್ದರು. ಗುಟ್ಟು ಬಯಲಾದದ್ದು ನಲ್ಲಿಯ ಬಳಿ. ಅಂದು ನೀರು ಹೊತ್ತಲ್ಲದ ಹೊತ್ತಿಗೆ ಬಂದಿತ್ತು. ನಂದಾ ಕೊಡ ಹಿಡಿದು ಓಡಿದರು. ಒಳಗಿನ ಬಡಿತ ನಿಲ್ಲಿಸಲು ಹೇಳುವುದನ್ನು ಮರೆತರು. ಪಕ್ಕದ ಮನೆಯ ಗಂಗಾಬಾಯಿ ಕಿವಿಗೊಟ್ಟು ಕೇಳಿದರು: “ನಂದಾ, ನೀ ಇಲ್ಲಿ ನಿಂತಿ. ಒಳಗ ರೊಟ್ಟಿ ಬಡಿಯೋರು ಯಾರ ಬೇ?”

“ರೊಟ್ಟಿ ಅಲ್ರಿ ವೈನಿ, ನಮ್ಮ ಮನಿಯವರು ಅರಿವಿ ಒಗ್ಯಾಕತ್ತಾರ.”

“ಹೌದಾ? ಅರಿವೀನೂ ಅವರ ಒಗಿತಾರೇನ?”

ಸಂಜೆಯೊಳಗೆ ಓಣಿಗೆ ಎರಡು ಸುದ್ದಿ ಮುಟ್ಟಿದವು. ಒಂದು ಖರೆ, ಒಂದು ಸುಳ್ಳು. ಎರಡಕ್ಕೂ ಜನ ಒಂದೇ ಸಮ ನಕ್ಕರು.

ಖಾನಾವಳಿಯ ಯಲಗೂರಪ್ಪ ವ್ಯವಹಾರಸ್ಥರು. ರೊಟ್ಟಿ ಮುರಿದು ನೋಡಿ, “ಅಯ್ಯನೋರ, ರೊಟ್ಟಿ ಚಲೋ ಅದಾವ. ಆದ್ರ ನೀವ ಮಾಡ್ತೀರಿ ಅಂತ ಮಂದಿ ಮುಂದ ಹೇಳಬ್ಯಾಡ್ರಿ,” ಎಂದರು. ಭಕ್ತರ ಮನೆಯವರು ಅಷ್ಟೂ ಹೇಳಲಿಲ್ಲ. ಆ ಶ್ರಾವಣ ಕರೆಯಲಿಲ್ಲ, ಅಷ್ಟೆ. ಒಬ್ಬರು ಮಾತ್ರ ಬಸ್ ನಿಲ್ದಾಣದಲ್ಲಿ ಸಿಕ್ಕಾಗ, “ಈ ಸಲ ತಮಗ ತ್ರಾಸ ಬ್ಯಾಡಂತ ಬಿಟ್ಟೇವ್ರಿ,” ಎಂದು ಮುಖ ತಪ್ಪಿಸಿದರು.

ಈರಯ್ಯನವರಿಗೆ ಇದರಲ್ಲಿ ಸಿಟ್ಟಿಗಿಂತ ಕುತೂಹಲವೇ ಜಾಸ್ತಿ. “ಮಠದಾಗ ಸಾವಿರ ಮಂದಿಗೆ ಅಡಗಿ ಮಾಡೋರು ಗಂಡಸರ ಅದಾರ. ಮದುವಿ ಅಡಗಿಯೂ ಗಂಡಸರ ಮಾಡ್ತಾರ. ಅದಕ ಯಾರೂ ನಗೂದಿಲ್ಲ. ಮನ್ಯಾಗ ಹೇಣತಿ ಬಾಜೂಕ ಕುಂತು ಮಾಡಿದ್ರ ನಗ್ತಾರ. ಕೆಲಸ ಅದ ಐತಿ, ಕುಂದ್ರೂ ಜಾಗಾ ಬದಲಿ ಆದ್ರ ಮರ್ಯಾದಿ ಹೋಗೂದು ಹೆಂಗ? ನಾನೂ ಭಾಳ ವಿಚಾರ ಮಾಡೇನಿ, ತಿಳಿದಿಲ್ಲ.”

ಚಿಲಕ ತೆಗೆದದ್ದು ಮಾತ್ರ ಧೈರ್ಯದಿಂದಲ್ಲ, ಬೇಸಿಗೆಯಿಂದ. ಮುಚ್ಚಿದ ಬಾಗಿಲ ಹಿಂದೆ ಹಂಚಿನ ಝಳಕ್ಕೆ ನಂದಾ ಕುಳಿತಲ್ಲೇ ಕಣ್ಣು ಕತ್ತಲೆ ಬಂದು ವಾಲಿದರು. ಮರುದಿನ ಈರಯ್ಯ ಒಲೆಯನ್ನು ಪಡಸಾಲೆಗೆ ತಂದರು. ಈಗ ಓಣಿಯಲ್ಲಿ ಹೋಗುವ ಯಾರಿಗಾದರೂ ಕಾಣುತ್ತದೆ. ಮೊದಮೊದಲು ನಿಂತು ನೋಡುತ್ತಿದ್ದರು. ಈಗ ನಿಂತರೆ ಕೊಳ್ಳಲಿಕ್ಕೆ. ಗಂಗಾಬಾಯಿಯೂ ಮನೆಗೆ ಬೀಗರು ಬಂದ ದಿನ ಇಲ್ಲಿಂದಲೇ ಒಯ್ಯುತ್ತಾರೆ.

ಮನೆಯವರಲ್ಲಿ ಒಪ್ಪದವರು ಒಬ್ಬರೇ ಉಳಿದಿದ್ದಾರೆ: ತಾಯಿ ಮುರಿಗೆವ್ವ. ಘೋಣಸಗಿಯಲ್ಲಿ ಹಿರಿಯ ಮಗನ ಮನೆಯಲ್ಲಿರುತ್ತಾರೆ. “ಪೂಜಿ ಮಾಡಿಸಿಕೊಳ್ಳೋ ಮನಿಯಾಂವ ಮಂದಿಗೆ ರೊಟ್ಟಿ ಬಡಿತಾನ. ನಿನ್ನ ಕೈಯಾಂದು ನಾ ತಿನ್ನೂದಿಲ್ಲ,” ಎಂದು ಹೇಳಿಬಿಟ್ಟಿದ್ದಾರೆ. ಯಾರು ನಕ್ಕರೂ ತಡೆದುಕೊಂಡ ಈರಯ್ಯ ಈ ಒಂದು ಮಾತಿಗೆ ಮೆತ್ತಗಾಗುತ್ತಾರೆ.

ಈ ಚಳಿಗಾಲ ಮುರಿಗೆವ್ವ ಒಂದು ಕಣ್ಣಿನ ಪೊರೆ ತೆಗೆಸಲು ವಿಜಯಪುರಕ್ಕೆ ಬಂದು ಈರಯ್ಯನವರ ಮನೆಯಲ್ಲೇ ಎಂಟು ದಿನ ಇದ್ದರು. ಹುಟ್ಟಿದಾಗಿನಿಂದ ಜೋಳ ಉಂಡು ಬೆಳೆದ ಜೀವ, ಎಂಟೂ ದಿನ ಸೊಸೆ ಎಡಗೈಯಲ್ಲಿ ಮಾಡಿಟ್ಟ ಅನ್ನ ಸಾರು ಉಂಡಿತು. “ಅವ್ವಾ, ಹೊಟ್ಟಿ ತುಂಬತೈತೇನ?” ಎಂದು ಮಗ ಕೇಳಿದರೆ, “ತುಂಬದಿದ್ರ ನಿನಗ ಹೇಳ್ಲೇನ?” ಎಂಬ ಉತ್ತರ.

ಕಣ್ಣಿನ ಪಟ್ಟಿ ಬಿಚ್ಚಿದ ಮರುದಿನ ಬೆಳಿಗ್ಗೆ ಮುದುಕಿ ಪಡಸಾಲೆಯ ಗೋಡೆ ಹಿಡಿದು ಬಂದು ನಿಂತರು. ಮಗ ಬಡಿಯುವುದನ್ನು ಬಹಳ ಹೊತ್ತು ನೋಡಿದರು.

“ಈರ್ಯಾ, ಅಂಚ ದಪ್ಪ ಬಿಡಾಕತ್ತಿ. ನಡಕ ಎಷ್ಟ ಬಡಿದ್ರೇನ, ಅಂಚ ಹಸಿ ಉಳಿತಾವ. ಕಿರಿಬಳ್ಳ ಕಡಿ ಒತ್ತು.”

ಕಿರುಬೆರಳು ತೋರಿಸಿ ಅಷ್ಟು ಹೇಳಿ ಒಳಗೆ ಹೋದರು. ಅಂದೂ ಅನ್ನವನ್ನೇ ಉಂಡು ಘೋಣಸಗಿಯ ಬಸ್ಸು ಹತ್ತಿದರು.

“ಅವತ್ತಿನಿಂದ ಕಿರಿಬಳ್ಳ ಕಡಿ ಒತ್ತಾಕತ್ತೇನ್ರಿ. ಖರೇನ ಚಲೋ ಬರ್ತಾವ,” ಎನ್ನುತ್ತಾ ಈರಯ್ಯ ಮುಂದಿನ ಉಂಡೆಗೆ ಕೈ ಹಾಕುತ್ತಾರೆ. “ಇನ್ನೊಂದ ಕಣ್ಣಿನ ಪೊರಿ ತೆಗಸೂದ ಐತಿ. ಬ್ಯಾಸಿಗಿ ಮುಗಿದ ಮ್ಯಾಲ ಬರ್ತಾಳ. ಆಗ ಒಂದ ರೊಟ್ಟಿ, ಅರ್ಧ ಆದ್ರೂ ಸೈ.”

ಈರಯ್ಯನವರಿಗೆ ತಂದೆಯ ಕಾಲದ ಮನೆಗಳು ಹೋದವು. ರೊಟ್ಟಿ ಕೊಳ್ಳಲು ಇನ್ನೊಂದು ಖಾನಾವಳಿ ಬಂತು, ಹೆಂಡತಿಯ ಕೈಗೆ ಬಿಡುವು ಸಿಕ್ಕಿತು, ರೊಟ್ಟಿಯ ಅಂಚು ತೆಳುವಾಯಿತು. ಅವ್ವ ಇನ್ನೂ ತಿಂದಿಲ್ಲ.