ಆರನೇ ಮನೆಯ ಫಕೀರವ್ವ

ಮೊನ್ನೆ ಮುಂಜಾನೆ ಸವಣೂರಿನ ನಮ್ಮ ಓಣಿಗೆ ಫೋನು ಹಿಡಿದ ಹುಡುಗಿಯೊಬ್ಬಳು ಸರ್ವೆಗೆ ಬಂದಿದ್ದಳು. ಎದುರುಮನೆಯಲ್ಲಿ ಕೂತು ಬರೆದುಕೊಂಡಳು, ನಮ್ಮ ಮನೆ ದಾಟಿ ಮುಂದೆ ನಡೆದಳು. ಕಟ್ಟೆಯ ಮೇಲಿದ್ದ ನಾನು ಪೇಪರು ಮಡಚಿ, ಗಂಟಲು ಸರಿಮಾಡಿಕೊಂಡು ತಯಾರಾಗಿಯೇ ಇದ್ದೆ.

"ನಿಮ್ಮ ಮನಿ ಯಾದಿಯೊಳಗ ಬಂದಿಲ್ಲರಿ ಅಜ್ಜಾರ," ಅಂದಳು.

ಮೂವತ್ತು ವರ್ಷ ಕಾಲೇಜಿನಲ್ಲಿ ಸಂಶೋಧನಾ ವಿಧಾನ ಕಲಿಸಿದವನು ನಾನು. ಸರ್ವೆಯಲ್ಲಿ ಎಲ್ಲ ಮನೆ ಬರುವುದಿಲ್ಲ ಎಂದು ನನಗೆ ಹೇಳಬೇಕೆ? ಆದರೂ ಮುಖ ಸಣ್ಣದಾಯಿತು, ಸುಳ್ಳೇಕೆ ಹೇಳಲಿ. ಕೂಡಲೇ ಫಕೀರವ್ವ ನೆನಪಾದಳು.

ಎಪ್ಪತ್ತರ ದಶಕದ ಕೊನೆ. ನಾನು ಧಾರವಾಡದಲ್ಲಿ ಎಂ.ಎ. ವಿದ್ಯಾರ್ಥಿ. ಗಣಿತಕ್ಕೆ ಹೆದರಿ ಸಮಾಜಶಾಸ್ತ್ರ ಹಿಡಿದಿದ್ದೆ, ಅಲ್ಲಿಯೂ ಸಂಖ್ಯಾಶಾಸ್ತ್ರ ಬೆನ್ನುಬಿಡಲಿಲ್ಲ. ನಮ್ಮ ಗೈಡು ಅಂಕಿಯ ಮನುಷ್ಯ. "ಕಥಿ ಊರಾಗ ಹೇಳು, ನನಗ ಅಂಕಿ ತಾ" ಎನ್ನುವವರು. ಹಳ್ಳಿಯ ಮನೆಗಳ ಊಟ ಉಪಚಾರ ನನ್ನ ಪ್ರಬಂಧದ ವಿಷಯ. ಶಿಗ್ಗಾಂವಿಯಲ್ಲಿ ಬಸ್ಸು ಬದಲಿಸಿ ಹಿರೇಬೆಂಡಿಗೇರಿಗೆ ಹೋದೆ. ಐದು ಮನೆಗೊಂದರಂತೆ ನಲವತ್ತು ಮನೆ ನೋಡಬೇಕು. ಬಿತ್ತಿಗೆಗೆ ಮುಂಚಿನ ದಿನಗಳು. ಹೆಂಗಸರು ಕಟ್ಟೆಗಳ ಮೇಲೆ ಕೂತು ಬೀಜಕ್ಕೆಂದು ಕೂಲಿಯ ಮೇಲೆ ಶೇಂಗಾ ಒಡೆಯುತ್ತಿದ್ದರು.

ನನ್ನ ಹದಿನಾಲ್ಕನೇ ಪ್ರಶ್ನೆ, ದಿನಕ್ಕೆ ಎಷ್ಟು ಸಲ ಊಟ ಎಂಬುದು. ಪ್ರತಿ ಮನೆಯಲ್ಲೂ ಒಂದೇ ಉತ್ತರ, "ಮೂರು ಸರ್ತಿರೀ." ಹೀಗೆ ಹೇಳಿ ನನ್ನ ಕೈಗೆ ಒಂದು ಹಿಡಿ ಹುರಿದ ಶೇಂಗಾ, ಬೆಲ್ಲ ಕೊಡುತ್ತಿದ್ದರು. ನಾನು ತಿನ್ನುತ್ತ ಬರೆದುಕೊಳ್ಳುತ್ತಿದ್ದೆ. ಅಂಕಿಗಳು ಇಷ್ಟು ಚೆಂದ ಕೂಡಿ ಬರುತ್ತವೆಂದು ನನಗೆ ಗೊತ್ತೇ ಇರಲಿಲ್ಲ.

ಕೊನೆಯ ದಿನ, ಕೊನೆಯ ಓಣಿಯ ಐದನೇ ಮನೆ ಮುಗಿಸಿ ಆರನೆಯದನ್ನು ದಾಟುವಾಗ ಕಟ್ಟೆಯಿಂದ ಧ್ವನಿ ಬಂತು. ಐವತ್ತರ ಆಸುಪಾಸಿನ ಹೆಂಗಸು, ಮಡಿಲ ತುಂಬ ಶೇಂಗಾ ಸಿಪ್ಪೆ.

"ಯಾಕೋ ತಮ್ಮಾ, ನಮ್ಮ ಮನಿ ದಾಟಿ ಹೊಂಟಿ? ನಾವೇನ ಮನಷ್ಯಾರಲ್ಲೇನು?"

"ಐದ ಮನಿಗೊಂದು ಅಂತ ನಮ್ಮ ಮಾಸ್ತರು ಹೇಳ್ಯಾರ್ರೀ ಅವ್ವಾ."

"ಮಗಳ ಲಗ್ನಕ್ಕೂ ಹಿಂಗ ಐದ ಮನಿಗೊಂದ ಕರೀತಾರೇನು ನಿಮ್ಮ ಮಾಸ್ತರು?"

ನಾನು ಅವಳ ಕಟ್ಟೆಯ ಮೇಲೆ ಕೂತೆ. ಅವಳ ಸಮಾಧಾನಕ್ಕೊಂದು ಫಾರ್ಮು ತುಂಬಿ, ಆಮೇಲೆ ಹರಿದರಾಯಿತೆಂದು ಲೆಕ್ಕ. ಫಕೀರವ್ವ ಶೇಂಗಾ ಒಡೆಯುತ್ತಲೇ ಒಂದೊಂದಕ್ಕೂ ಯೋಚಿಸಿ ಉತ್ತರ ಕೊಟ್ಟಳು. ಹದಿನಾಲ್ಕಕ್ಕೆ ಬಂದಾಗ ಅವಳ ಕೈ ನಿಂತಿತು.

"ಈ ದಿನಮಾನದಾಗ ಒಪ್ಪತ್ತು ಬರಕೋ."

"ಊರಾಗ ಎಲ್ಲಾರೂ ಮೂರು ಸರ್ತಿ ಅಂದ್ರಲ್ಲರಿ?"

ಅವಳು ನಕ್ಕಳು. "ಹುಚ್ಚ ಖೋಡಿ, ಮನೀಗೆ ಬಂದಾಂವನ ಮುಂದ ಒಲಿ ಹತ್ತಿಲ್ಲಂತ ಯಾರರ ಹೇಳ್ತಾರೇನು? ಎಲ್ಲಾರದೂ ಒಪ್ಪತ್ತ ಐತಿ."

"ಮತ್ತ ನೀವ್ಯಾಕ ಹೇಳಿದ್ರಿ?"

"ನಿನ್ನ ಬೈದ ಕರದೇನಿ. ಬೈದ ಮ್ಯಾಲೆ ನಿನ್ನ ಮುಂದ ಎಂಥಾ ಮರ್ಯಾದಿ?"

ನಾನು ತಿಂದ ಹಿಡಿಹಿಡಿ ಶೇಂಗಾ ನೆನಪಾಗಿ ನಾಚಿಕೆಯಾಯಿತು. ಯಾವ ಯಾವ ಮನೆಯಲ್ಲಿ ಯಾರ ಬಾಯಿಯ ತುತ್ತು ತಿಂದೆನೋ. ಏಳುವಾಗ ಫಕೀರವ್ವ ಕೇಳಿದಳು, "ನಂದೂ ಧಾರವಾಡಕ್ಕ ಹೋಗ್ತೈತಲ್ಲಾ?"

"ಹೋಗ್ತೈತ್ರೀ," ಅಂದೆ.

ಗೈಡಿಗೆ ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದಿಟ್ಟರು. "ಆ ಮನಿ ಯಾದಿಯೊಳಗ ಇಲ್ಲ, ಸೇರಸಾಕ ಬರೂದಿಲ್ಲ. ಆದರ ನಲವತ್ತೂ ಮನಿಗೆ ತಿರುಗಿ ಹೋಗು. ಊಟಾ ಎಷ್ಟು ಸಲಾ ಅನಬ್ಯಾಡ, ನಿನ್ನೆ ಒಲಿ ಯಾವಾಗ ಯಾವಾಗ ಹಚ್ಚಿದ್ರಿ ಅಂತ ಕೇಳು." ಇಡೀ ಎರಡು ವರ್ಷದಲ್ಲಿ ನಾನು ಕಲಿತ ದೊಡ್ಡ ಪಾಠ ಅದು.

ಕಲಿತೆ, ಹೋಗಲಿಲ್ಲ. ಪ್ರಬಂಧ ಒಪ್ಪಿಸಲು ಹನ್ನೆರಡು ದಿನ ಉಳಿದಿತ್ತು. ಮೊದಲು ಮಳೆಯ ನೆಪ, ಆಮೇಲೆ ಜ್ವರದ ನೆಪ. ಹೋಗಿಬಂದೆ, ಉತ್ತರ ಬದಲಾಗಲಿಲ್ಲ ಎಂದು ಗೈಡಿಗೆ ಹೇಳಿ, ಮೂರು ಹೊತ್ತು ಉಂಡ ಊರಿನ ಕೋಷ್ಟಕ ಒಪ್ಪಿಸಿದೆ. ಫಸ್ಟ್ ಕ್ಲಾಸ್ ಬಂತು, ಅದರಿಂದ ನೌಕರಿ ಬಂತು. ಪ್ರಶ್ನೆ ಹೇಗೆ ಕೇಳಬೇಕೆಂದು ಮೂವತ್ತು ವರ್ಷ ಪಾಠ ಮಾಡಿದೆ. ಎಲ್ಲಿ ಕಲಿತೆನೆಂದು ಒಬ್ಬ ವಿದ್ಯಾರ್ಥಿಗೂ ಹೇಳಲಿಲ್ಲ. ಫಕೀರವ್ವನ ಫಾರ್ಮನ್ನು ಹರಿಯಲಿಲ್ಲ ಅನ್ನುವುದೊಂದೇ ನನ್ನ ಪುಣ್ಯ. ಅದು ಧಾರವಾಡಕ್ಕೇನೋ ಹೋಯಿತು, ನನ್ನ ಟ್ರಂಕಿನ ತಳದಲ್ಲಿ.

ಮೊನ್ನೆ ಆ ಹುಡುಗಿಯನ್ನು ಚಹಾಕ್ಕೆ ಕರೆದು ಇದನ್ನೆಲ್ಲ ಹೇಳಿಬಿಟ್ಟೆ. ಯಾಕೆ ಹೇಳಿದೆನೋ, ನೀವೇ ಊಹಿಸಿ. ಅವಳು ಕಪ್ಪು ಕೆಳಗಿಟ್ಟು ಫೋನು ನೋಡಿದಳು.

"ಮನ್ಯಾಗ ಕುಡಿಯೋರು ಅದಾರೇನು ಅಂತ ಕೇಳಬೇಕಾಗೇತ್ರಿ ಅಜ್ಜಾರ. ಇಲ್ಲೀತನಕ ಕೇಳಿದ ಏಳೂ ಮನ್ಯಾಗ ಇಲ್ಲ ಅಂದಾರ."

ನಮ್ಮ ಓಣಿಯ ಸಂಜೆಗಳು ನನಗೆ ಗೊತ್ತು. ನೆಲ ನೋಡಿದೆ.

ಅವಳು ಎದ್ದು ಚಪ್ಪಲಿ ಮೆಟ್ಟಿದಳು, ಮುಂದಿನ ಮನೆಯ ಕಡೆ ಹೋಗದೆ ಬಂದ ದಾರಿಗೇ ತಿರುಗಿದಳು.

"ತಿರುಗಿ ಕೇಳಾಕ ಹೊತ್ತಾಗೂದಿಲ್ಲೇನವಾ?" ಅಂದೆ.

"ಆಗ್ತೈತ್ರಿ," ಅಂದಳು.

ಅವಳು ಓಣಿಯ ಮೊದಲನೇ ಮನೆಯ ಬಾಗಿಲು ಬಡಿಯುವವರೆಗೂ ನಾನು ಕಟ್ಟೆ ಬಿಟ್ಟು ಏಳಲಿಲ್ಲ.