ಐವತ್ತೊಂದನೆಯ ಸೌಟು

ಮೈಸೂರಿನ ಉತ್ತರ ಭಾಗದಲ್ಲಿ ಗಂಭೀರ ಪರಿಸ್ಥಿತಿಯೊಂದು ತಲೆದೋರಿದೆ. ಕೆಸರೆಯ ಏಕಾಂತಯ್ಯನವರ ಪಾತ್ರೆ ಬಾಡಿಗೆ ಅಂಗಡಿಯಲ್ಲಿ, ಬೆಳಗಿನ ಐದು ಗಂಟೆಗೆ, ಒಂದು ಸೌಟು ಹೆಚ್ಚಾಗಿದೆ.

ಯಾದವಗಿರಿಯ ಮದುವೆಗೆ ಹೋದದ್ದು ಐವತ್ತು, ಬಂದದ್ದು ಐವತ್ತೊಂದು. ಭಾನುಮತಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಎರಡನೇ ಸಲ ಎಣಿಸುತ್ತಾರೆ. ಹೆಚ್ಚಿನದು ಹಿತ್ತಾಳೆಯದು, ಹಿಡಿ ತುಸು ಸೊಟ್ಟ, ಅಂಗಡಿಯ ಗುರುತು ಕೆತ್ತಿಲ್ಲ. "ಇದು ನಮ್ದಲ್ಲ ಕಣ್ರೀ. ಯಾರ ಮನೆ ಅಜ್ಜಿದೋ" ಎಂದು ಬದಿಗಿಡುತ್ತಾರೆ.

ಗಂಡ ತೀರಿಕೊಂಡ ವರ್ಷ ಪಾತ್ರೆ ತೊಳೆಯಲು ಬಂದವರು, ಈಗ ಇಪ್ಪತ್ತೆರಡು ವರ್ಷದಿಂದ ಇಲ್ಲೇ. ಸ್ಟೋರಿನ ಬೀಗದ ಕೈ ಅವರ ಸೊಂಟದಲ್ಲಿದೆ. ಲಗ್ನದ ತಿಂಗಳಲ್ಲಿ ದಿನಕ್ಕೆ ಎರಡು ಸಾವಿರ ಪಾತ್ರೆ ಅವರ ಕಣ್ಣೆದುರೇ ಹೋಗಿ ಬರುತ್ತವೆ. ಅವರ ಹಳೆಯ ನೋಟ್‌ಬುಕ್ಕಿನಲ್ಲಿ 'ಯಾರದೋ' ಎಂಬ ಪುಟವೊಂದಿತ್ತು, ಮದುವೆಮನೆಯ ಗಡಿಬಿಡಿಯಲ್ಲಿ ದಾರಿ ತಪ್ಪಿ ಬರುವ ತಟ್ಟೆ, ಲೋಟಗಳಿಗೆ. ಮೂರು ವಾರದ ಹಿಂದೆ ಬಂದ ಸಾಫ್ಟ್‌ವೇರಿನಲ್ಲಿ ಆ ಪುಟವಿಲ್ಲ. ಕೊಟ್ಟದ್ದಕ್ಕಿಂತ ಹೆಚ್ಚು ಬಂತೆಂದರೆ ಅದು ಕೆಂಪಗಾಗುತ್ತದೆ. ವಾಪಸಾತಿ ಮುಗಿಯದೆ ಪಾತ್ರೆಗಳನ್ನು ಮುಂದಿನ ಮನೆಗೆ ಬಿಡುವುದಿಲ್ಲ. ಸಿದ್ಧಾರ್ಥನಗರದ ನಾಮಕರಣಕ್ಕೆ ಗಾಡಿ ಆರಕ್ಕೆ ಹೊರಡಬೇಕು.

"ಐವತ್ತು ಅಂತ ಒತ್ಬುಟ್ಟು ಗಾಡಿ ಬುಡಮ್ಮ" ಎನ್ನುತ್ತಾರೆ ಏಕಾಂತಯ್ಯ.

"ಒತ್ಬುಟ್ರೆ ಈ ಸೌಟು ನಮ್ದೇ ಆಗೋಯ್ತದೆ, ಯಜಮಾನ್ರೇ. ಕದ್ದಂಗೆ."

ಸಾಫ್ಟ್‌ವೇರ್ ಕಂಪನಿಯ ನಾಗಾರ್ಜುನ ಫೋನಿನಲ್ಲಿ ಆಕಳಿಸುತ್ತಾರೆ. "ಅಕ್ಕಾ, ಕೊಟ್ಟಿದ್ದಕ್ಕಿಂತ ಜಾಸ್ತಿ ವಾಪಸ್ ಬರೋದು ಲಾಜಿಕ್ಕೇ ಅಲ್ಲ."

"ನಿಂಗಿನ್ನೂ ಮದ್ವೆ ಆಗಿಲ್ಲ ಅಲ್ವೇನಪ್ಪಾ?"

ಪಾತ್ರೆ ಸಾಲದಿದ್ದಾಗ ಬೇರೆ ಅಂಗಡಿಯಿಂದ ಎರವಲು ತಂದದ್ದನ್ನು ಬರೆಯಲು ಸಾಫ್ಟ್‌ವೇರಿನಲ್ಲಿ ಜಾಗವಿದೆ. ಭಾನುಮತಿ ಒಂದೇ ಬೆರಳಿನಿಂದ ಅಲ್ಲಿ ಹೊಸ ಅಂಗಡಿಯೊಂದನ್ನು ತೆರೆಯುತ್ತಾರೆ. ಹೆಸರು: ಯಾರದೋ. ಫೋನ್ ನಂಬರ್ ಕೇಳುತ್ತದೆ, ತಮ್ಮದೇ ಕೊಡುತ್ತಾರೆ. ಯಾದವಗಿರಿಯಿಂದ ವಾಪಸ್ ಐವತ್ತು, 'ಯಾರದೋ' ಅಂಗಡಿಯಿಂದ ಎರವಲು ಒಂದು. ಕೆಂಪು ಹೋಗುತ್ತದೆ.

"ಹಿಂಗೂ ಮಾಡ್ಬೋದಾ?" ತಮ್ಮ ಸ್ಕ್ರೀನಿನಲ್ಲಿ ಅದನ್ನು ನೋಡಿದ ನಾಗಾರ್ಜುನರ ನಿದ್ದೆ ಹಾರಿದೆ. "ಎಲ್ಲಾ ಅಂಗಡಿಗೂ ಇದನ್ನೇ ಹಾಕಿ ಕೊಡ್ತೀನಿ ಅಕ್ಕಾ."

"ಹಾಕು. ನನ್ ನಂಬರ್ ಮಾತ್ರ ಹಾಕ್ಬೇಡ."

ಗಾಡಿ ಆರಕ್ಕೆ ಐದು ನಿಮಿಷವಿರುವಾಗ ಹೊರಡುತ್ತದೆ. ಇನ್ನೇನಾಗಬೇಕು ಎಂದು ಏಕಾಂತಯ್ಯ ಕೇಳಿದರೆ ಭಾನುಮತಿ ಸೌಟು ಒರೆಸುತ್ತಾ ಹೇಳುತ್ತಾರೆ: "ಆ ಅಂಗಡೀಲಿ ಏನೂ ಉಳೀಬಾರ್ದು. ಅಷ್ಟೇ."

ಹತ್ತು ಗಂಟೆಗೆ ಮದುವೆಮನೆಯ ಗಿರಿಜಾಂಬಾ ಆಟೋದಲ್ಲಿ ಬಂದು ತಮ್ಮ ಅತ್ತೆಯ ಸೌಟನ್ನು ತೆಗೆದುಕೊಂಡು ಹೋಗುತ್ತಾರೆ. 'ಯಾರದೋ' ಅಂಗಡಿಯಲ್ಲಿ ಉಳಿದದ್ದು ಸೊನ್ನೆ.