ಮೊದಲನೇ ಬಾವಿಗೆ ಮೆಟ್ಟಿಲು

ನಮ್ಮ ಮಾವನವರ ಬಲಗೈ ಹೆಬ್ಬೆರಳಿನ ತುದಿಯಲ್ಲಿ ಹುಣಸೆಬೀಜದಷ್ಟು ಅಗಲದ ಜಡ್ಡು ಇತ್ತು, ಹುಣಸೆಬೀಜದ ಹಾಗೇ ಹೊಳೆಯುತ್ತಿತ್ತು. ಆ ವಯಸ್ಸಿನ ಗಂಡಸರ ಕೈಗೆ ಜಡ್ಡು ಬಿದ್ದಿರುವುದೇನು ದೊಡ್ಡ ಮಾತಲ್ಲ. ನನ್ನ ತವರು ಮುನವಳ್ಳಿಯಲ್ಲಿ ನಮ್ಮಪ್ಪನ ಅಂಗೈ ತುಂಬ ಗುದ್ದಲಿಯ ಜಡ್ಡುಗಳೇ. ಆದರೆ ಹಣೆಗೆ ಮೂರೆಳೆ ವಿಭೂತಿ, ತಲೆಗೆ ಬಿಳಿ ಟೊಪ್ಪಿಗೆ, ಇಸ್ತ್ರಿ ಮುರಿಯದ ಧೋತರ ಉಟ್ಟ ಮನುಷ್ಯನಿಗೆ ವಿಡಿಯೋ ಗೇಮಿನ ಗುಂಡಿ ಒತ್ತಿ ಒತ್ತಿ ಜಡ್ಡು ಬಿದ್ದಿದೆ ಎಂದರೆ ಯಾರು ನಂಬುತ್ತಾರೆ? ಮದುವೆ ಮಾತುಕತೆಯ ದಿನ ನಮ್ಮವ್ವ ನನ್ನ ಕಿವಿಯಲ್ಲಿ, "ಬೀಗರು ಹತ್ತಿ ಅಡತಿ ಅಂಗಡಿಯವರಂತ, ಪುಣ್ಯಾ ಮಾಡೀದಿ" ಎಂದಿದ್ದಳು. ಬೈಲಹೊಂಗಲಕ್ಕೆ ಸೊಸೆಯಾಗಿ ಬಂದು ನೋಡಿದರೆ ಹತ್ತಿ ದಲ್ಲಾಳಿಯ ಆ ಅಡತಿ ಮುಚ್ಚಿ ಯಾವ ಕಾಲವೋ ಆಗಿತ್ತು. ಮನೆಯ ಮುಂದಿನ ಕೋಣೆಯಲ್ಲಿ ಸಾಲಾಗಿ ಟಿವಿಗಳು, ಒಂದೊಂದರ ಕೆಳಗೂ ಒಂದೊಂದು ಗೇಮಿನ ಡಬ್ಬಿ, ನೆಲಕ್ಕೆ ಜಮಖಾನೆ. ಹೊಸ್ತಿಲು ದಾಟಿ ಒಳಗೆ ಬಂದ ಮದುಮಗಳಿಗೆ ಮೊದಲು ಕೇಳಿಸಿದ್ದು ಟುಣಕ್ ಟುಣಕ್ ಎನ್ನುವ ಸಪ್ಪಳ. ಎಲ್ಲಿಗೆ ಬಂದೆನೋ ಶಿವನೇ ಅನ್ನಿಸಿತು.

ಕಥೆ ಏನೆಂದು ಅತ್ತೆಯವರೇ ಆಮೇಲೆ ಹೇಳಿದರು. ತೊಂಬತ್ತರ ದಶಕದ ನಡುವಿನಲ್ಲಿ ಮಾವನವರು ಯಾವುದೋ ಕೆಲಸಕ್ಕೆ ಬೆಳಗಾವಿಗೆ ಹೋಗಿ, ಒಂದು ಅಂಗಡಿಯ ಮುಂದೆ ಈ ಆಟ ನೋಡುತ್ತ ನಿಂತವರು ಕೊನೆಯ ಬಸ್ಸು ಹೋದರೂ ಅಲ್ಲೇ ನಿಂತಿದ್ದರಂತೆ. ಮರುದಿನ ಡಬ್ಬಿಯನ್ನು ಕಂಕುಳಲ್ಲಿ ಇಟ್ಟುಕೊಂಡೇ ಊರಿಗೆ ಬಂದರು. ಮುಂದಿನ ಕೋಣೆಯಲ್ಲಿ ತಾಸಿಗಿಷ್ಟೆಂದು ದುಡ್ಡು ಕೊಟ್ಟು ಆಡುವ ಅಂಗಡಿ ಹಾಕಿದರು. ಓಣಿಯವರು, "ಅರವತ್ತಕ್ಕ ಅರಳು ಮರಳು ಅಂತಾರ, ಇವರಿಗೆ ಐವತ್ತಕ್ಕ ಸುರು ಆತು" ಎಂದು ನಕ್ಕರು. ಅವರು ಯಾರ ಮಾತಿಗೂ ಕಿವಿಗೊಡಲಿಲ್ಲ.

ಅವರ ಪ್ರಾಣವೆಲ್ಲ ಒಂದೇ ಆಟದಲ್ಲಿ. ಅದರ ಕ್ಯಾಸೆಟ್ಟಿನ ಮೇಲಿನ ಚೀಟಿ ಹರಿದುಹೋಗಿತ್ತು, ನಿಜವಾದ ಹೆಸರು ಯಾರಿಗೂ ಗೊತ್ತಿರಲಿಲ್ಲ. ಎಲ್ಲರೂ 'ಗುಡ್ಡದ ಆಟ' ಎನ್ನುತ್ತಿದ್ದರು. ಕೆಂಪು ರುಮಾಲು ಸುತ್ತಿದಂತೆ ಕಾಣುವ ಒಬ್ಬ ಗಿಡ್ಡ ಮನುಷ್ಯ. ಮನೆಮಂದಿಯೆಲ್ಲ ಅವನಿಗೆ ಕೆಂಪ್ಯಾ ಎಂದು ಹೆಸರಿಟ್ಟಿದ್ದರು. ಅವನು ಬಾವಿಗಳನ್ನು ಹಾರಬೇಕು, ಮುಳ್ಳುಹಂದಿಗಳನ್ನು ದಾಟಬೇಕು, ತೇಲಾಡುವ ಹಲಗೆಗಳ ಮೇಲೆ ಕಾಲಿಡಬೇಕು, ಕೊನೆಗೆ ಗುಡ್ಡ ಹತ್ತಿ ಗಂಟೆ ಬಾರಿಸಬೇಕು. ಇಷ್ಟೇ. ದಿನಾ ಬೆಳಿಗ್ಗೆ ಲಿಂಗಪೂಜೆ ಮುಗಿಸಿದ ಮಾವನವರು ಧೋತರದ ಚುಂಗಿನಿಂದ ಕ್ಯಾಸೆಟ್ಟಿನ ಬಾಯಿ ಒರೆಸುತ್ತಿದ್ದರು. ಯಾರಾದರೂ ಬಾಯಿಂದ ಊದಲು ಹೋದರೆ, "ಉಗುಳು ಸಿಡಿತೈತಿ, ಅದೇನು ಒಲಿ ಏನು ಊದಾಕ?" ಎನ್ನುತ್ತಿದ್ದರು. ಯಾರಿಗೂ ಆಟ ಕಲಿಸುತ್ತಿರಲಿಲ್ಲ. "ನಾ ಯಾಕ ಕಲಸ್ಲಿ? ಆಟಾನ ಕಲಸ್ತೈತಿ" ಎಂಬುದು ಅವರ ಮಾತು. ಸೋತವರು ಕೈಯಲ್ಲಿದ್ದ ಗುಂಡಿಗಳ ಹ್ಯಾಂಡಲನ್ನು ಬೈದರೆ ಮಾತ್ರ ಸುಮ್ಮನಿರುತ್ತಿರಲಿಲ್ಲ. "ಬಿದ್ದಾಂವ ನೀನೋ, ಹ್ಯಾಂಡಲ್ಲೋ?" ಎಂದು ಕೇಳಿಯೇ ಬಿಡುತ್ತಿದ್ದರು.

ನನಗೆ ಆ ಅಂಗಡಿ ಕಂಡರೆ ಮೈ ಉರಿಯುತ್ತಿತ್ತು. ನನ್ನ ಬಾಯಿ ಮೊದಲೇ ಜೋರು. ಸೊಸೆಯೆಂಬ ಕಾರಣಕ್ಕೆ ಅದನ್ನು ಮುಚ್ಚಿಕೊಂಡಿದ್ದೆ, ಅಷ್ಟೇ. ಮುಂದಿನ ಕೋಣೆಯಲ್ಲಿ ಸದಾ ಪರರು, ಸದಾ ಗದ್ದಲ. ನಮ್ಮ ಮನೆಯಲ್ಲಿ ಮಾವ ಎದುರಿಗೆ ಬಂದರೆ ಸೊಸೆ ಎದ್ದು ನಿಲ್ಲಬೇಕು, ತಲೆಯ ಮೇಲೆ ಸೆರಗು ಎಳೆದುಕೊಳ್ಳಬೇಕು. ಅವರೋ ಅಂಗಡಿಯಿಂದ ಒಳಕ್ಕೆ, ಒಳಗಿನಿಂದ ಅಂಗಡಿಗೆ ಓಡಾಡುತ್ತಲೇ ಇರುವವರು. ಎದ್ದು ಕೂತು, ಎದ್ದು ಕೂತು ನನ್ನ ಮೊಣಕಾಲು ಸವೆದುಹೋದವು.

ಮದುವೆಯಾಗಿ ಎರಡನೆಯ ವರ್ಷಕ್ಕೆ ಊರಿಗೆ ಮೊಬೈಲು ಬಂತು. ಬಸ್‌ಸ್ಟ್ಯಾಂಡಿನ ಹತ್ತಿರ ಸಿ.ಡಿ. ಹಾಕಿ ಆಡುವ ಕಾರಿನ ಗೇಮುಗಳ ಹೊಸ ಅಂಗಡಿಯೂ ಬಂತು. ನಮ್ಮ ಜಮಖಾನೆ ಖಾಲಿಯಾಗುತ್ತ ಬಂದಿತು. ನಮ್ಮ ಮನೆಯವರು ಒಂದು ದಿನ ಊಟಕ್ಕೆ ಕೂತಾಗ ಮಾತು ತೆಗೆದೇಬಿಟ್ಟರು.

"ಅಪ್ಪಾ, ಇದನ್ನ ಮುಚ್ಚೂಣು. ಮೊಬೈಲ್ ಅಂಗಡಿ ಹಾಕತೇನಿ. ಈಗ ಬರೂವ್ರು ಎಲ್ಲಾ ಹಳೇ ಗಿರಾಕಿ. ಸಣ್ಣವರಿದ್ದಾಗ ಆಡಿದ್ದು ನೆನಪಾಗಿ ಬರ್ತಾರ, ಅಷ್ಟ. ನೆನಪು ಮಾರಿ ಎಷ್ಟ ದಿನಾ ಬಾಳೇವು ಮಾಡೂದು?"

ಮಾವನವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು. "ನೆನಪಂತ! ನಾ ಸಣ್ಣಾಂವಿದ್ದಾಗ ಇದೆಲ್ಲಿತ್ತೋ? ಚಿಣಿಪಣಿ ಇತ್ತು. ನಾ ಇದನ್ನ ನೋಡಿದ್ದು ತಲಿಗೂದಲಾ ಬೆಳ್ಳಗಾದ ಮ್ಯಾಲ. ಆಟ ಚಲೋ ಐತಿ, ಅದಕ್ಕ ಚಲೋ ಅಂತೇನಿ."

"ಚಲೋ ಅಂತ ನೀ ಅಂತಿ. ಹುಟ್ಟಿದಾಗಿಂದ ಒಮ್ಮೆನೂ ಆಡಲಾರದವರನ್ನ ಕುಂಡ್ರಿಸಿ ನೋಡು. ಅರ್ಧ ತಾಸಿನಾಗ ಎದ್ದು ಹೋಗ್ತಾರ."

"ಆತು, ಕುಂಡ್ರಸೂಣು. ಒಂದ ತಾಸು. ಬ್ಯಾಸರಾಗಿ ಎದ್ರ ನಾನ ನನ್ನ ಕೈಯಾರೆ ಕೀಲಿ ಹಾಕತೇನಿ. ಏಳಲಿಲ್ಲಂದ್ರ ಈ ಮಾತು ಮತ್ತ ಎತ್ತಬಾರದು."

ಆದರೆ ಒಮ್ಮೆಯೂ ಆಡದವರು ಆ ಓಣಿಯಲ್ಲಿ ಎಲ್ಲಿದ್ದಾರೆ? ಇಬ್ಬರೂ ಒಟ್ಟಿಗೆ, ಸಾರು ಬಡಿಸಲು ಬಂದ ನನ್ನ ಕಡೆ ತಿರುಗಿದರು.

"ನಾ ಒಲ್ಲೆರಿ" ಎಂದೆ.

"ಅಕಿಗೆ ಅಂಗಡಿ ಕಂಡ್ರ ಆಗೂದಿಲ್ಲ, ನನಗ ಗೊತ್ತೈತಿ" ಎಂದರು ಮಾವನವರು. "ಅಂಥವ್ರ ಬೇಕು."

ಸರಿ, ನಾನೂ ಮನಸ್ಸಿನಲ್ಲೇ ತೀರ್ಮಾನ ಮಾಡಿದೆ: ಕಾಲು ತಾಸು ಕೂರುವುದು, ಆಕಳಿಸುವುದು, ಏಳುವುದು. ಆಮೇಲೆ ಆ ಕೋಣೆಯ ಕಿಟಕಿ ತೆರೆದು ಸ್ವಚ್ಛವಾಗಿ ಸಾರಿಸುವುದು.

ಮರುದಿನ ಮಧ್ಯಾಹ್ನ ಜಮಖಾನೆಯ ಮೇಲೆ ಕೂತೆ. ಹ್ಯಾಂಡಲ್ ಹಿಡಿಯುವುದೂ ಗೊತ್ತಿರಲಿಲ್ಲ. ಕೆಂಪ್ಯಾ ನಾಲ್ಕು ಹೆಜ್ಜೆ ನಡೆದವನೇ ಬಾವಿಗೆ ಬಿದ್ದ. ಮುಗಿಯಿತು ಎಂದುಕೊಂಡು ಏಳಬೇಕು ಎನ್ನುವಷ್ಟರಲ್ಲಿ ನೋಡುತ್ತೇನೆ, ಬಾವಿಗೆ ಮೆಟ್ಟಿಲಿದ್ದವು. ಅವನನ್ನು ಹತ್ತಿಸಿದೆ. ಹತ್ತಿಸುವಾಗಲೇ ಯಾವ ಗುಂಡಿ ಒತ್ತಿದರೆ ಹಾರುತ್ತಾನೆ, ಎಷ್ಟು ಹೊತ್ತು ಒತ್ತಿದರೆ ಎಷ್ಟು ದೂರ ಹೋಗುತ್ತಾನೆ ಎಂದು ಬೆರಳಿಗೆ ತಿಳಿದುಹೋಗಿತ್ತು. ಎರಡನೆಯ ಬಾವಿಯೂ ಅಷ್ಟೇ ಅಗಲ, ಅದಕ್ಕೆ ಮೆಟ್ಟಿಲಿರಲಿಲ್ಲ. ಹಾರಿದೆ. ದಾಟಿದ. ಅಯ್ಯ, ಇದನ್ನು ನನಗೆ ಯಾರೂ ಹೇಳಿಕೊಡಲೇ ಇಲ್ಲವಲ್ಲ!

ಅಷ್ಟರಲ್ಲಿ ಮಾವನವರು ಕುಡಿಯುವ ನೀರಿಗೆಂದು ಒಳಗೆ ಬಂದರು. ನಾನು ಧಡಕ್ಕನೆ ಎದ್ದು, ಬಲಗೈಯಿಂದ ಸೆರಗು ತಲೆಯ ಮೇಲೆ ಎಳೆದುಕೊಂಡೆ. ಗುಂಡಿ ಬಿಟ್ಟ ಕೂಡಲೇ ಗಾಳಿಯಲ್ಲಿದ್ದ ಕೆಂಪ್ಯಾ ಸೀದಾ ಪಾತಾಳಕ್ಕೆ.

ನಮ್ಮ ಮನೆಯವರು ಚಪ್ಪಾಳೆ ತಟ್ಟಿದರು. "ಎದ್ಲು! ಅಪ್ಪಾ, ಎದ್ಲು ನೋಡು! ಕೀಲಿ ತಾ."

"ಎಲಾ ಇವನ! ಅಕಿ ಎದ್ದದ್ದು ನನಗೋ, ಆಟಕ್ಕ ಬ್ಯಾಸತ್ತೋ?"

"ಎದ್ದದ್ದಂತೂ ಖರೆ ಹೌದಲ್ಲ?"

ತಂದೆ ಮಗ ಕೋರ್ಟಿನಲ್ಲಿ ನಿಂತವರ ಹಾಗೆ ವಾದಕ್ಕೆ ಬಿದ್ದರು. ಕೊನೆಗೆ ಅತ್ತೆಯವರು ಒಳಗಿನಿಂದ ಬಂದು ಪಂಚಾಯ್ತಿ ಮಾಡಿದರು: ಮಾವನವರು ಹೊರಗೆ ಕಟ್ಟೆಯ ಮೇಲೆ ಕೂರಬೇಕು, ಇತ್ತ ಬೆನ್ನು ಮಾಡಿ. ಅವರು ಹಾಗೇ ಕೂತರು. ಆದರೆ ಕಿವಿ ಇತ್ತಲ್ಲ! ನಾನು ಬಿದ್ದ ಸಪ್ಪಳಕ್ಕೇ, "ಮುಳ್ಳಂದಿ" ಎನ್ನುತ್ತಿದ್ದರು. "ಎರಡನೇ ಹಲಗಿ." ಮತ್ತೆ ಮೊದಲಿನಿಂದ ಸುರುಮಾಡಿ ಅವಸರದಲ್ಲಿ ಮೆಟ್ಟಿಲ ಬಾವಿಗೆ ಬಿದ್ದೆನೆಂದರೆ, "ಏಳು, ಮೆಟ್ಟಲಾ ಅದಾವು" ಎಂದು ರಸ್ತೆಗೆ ಮುಖ ಮಾಡಿಯೇ ಹೇಳುತ್ತಿದ್ದರು.

ಮೂರನೆಯ ಹಲಗೆ ನನ್ನನ್ನು ಸತಾಯಿಸಿಬಿಟ್ಟಿತು. ಬಿದ್ದೆ, ಮತ್ತೆ ಬಿದ್ದೆ. ಸಿಟ್ಟು ನೆತ್ತಿಗೇರಿತು. ಆದರೆ ಸಿಟ್ಟು ಆಟದ ಮೇಲಲ್ಲ. ಹಲಗೆ ಪ್ರತಿ ಸಲವೂ ಅದೇ ಜಾಗದಿಂದ, ಅದೇ ಗತಿಯಲ್ಲಿ ಬರುತ್ತಿತ್ತು. ನಾನೇ ಒಂದು ಸಲ ಬೇಗ, ಒಂದು ಸಲ ತಡ. ಹಾರಿದ ಮೇಲೂ ಗಾಳಿಯಲ್ಲೇ ಅವನನ್ನು ತುಸು ಹಿಂದಕ್ಕೆ ಎಳೆದುಕೊಳ್ಳಲು ಬರುತ್ತಿತ್ತು, ನನ್ನ ಕೈ ಅದಕ್ಕೆ ತಯಾರಾಗಬೇಕಿತ್ತು. ಹಾಲು ಉಕ್ಕಿದರೆ ಸೊಸೆಯ ತಪ್ಪು, ಹೆಪ್ಪು ಕೂರದಿದ್ದರೆ ಸೊಸೆಯ ತಪ್ಪು, ಮಳೆಗೆ ಹಪ್ಪಳ ತೊಯ್ದರೂ ಸೊಸೆಯ ತಪ್ಪು. ಆ ಮನೆಗೆ ಬಂದಾಗಿನಿಂದ ನನ್ನದಲ್ಲದ ತಪ್ಪುಗಳನ್ನು ಹೊತ್ತು ಹೊತ್ತು ನಾನು ಬೇಸತ್ತಿದ್ದೆ. ಇಲ್ಲಿ ಬಿದ್ದದ್ದೂ ನಾನೇ, ದಾಟಿದರೆ ದಾಟಿದವಳೂ ನಾನೇ. ಎಷ್ಟು ಸಮಾಧಾನವಾಯಿತೆಂದರೆ ಕಣ್ಣಲ್ಲಿ ನೀರು ಬಂತು. ಬರಲಿ ಎಂದು ಒರೆಸಿಕೊಳ್ಳಲೂ ಇಲ್ಲ. ಕೈ ಬಿಡುವ ಹಾಗಿರಲಿಲ್ಲ.

"ತಾಸು ಆತು, ಏಳು" ಎಂದರು ನಮ್ಮ ಮನೆಯವರು.

"ಸ್ವಲ್ಪ ತಡೀರಿ."

"ತಾಸಿನ ಮ್ಯಾಲೂ ಆತಲ್ಲ."

"ತಡೀರಿ ಅಂದ್ನೆಲ್ಲ!"

ಮಾವನವರು ಯಾವಾಗ ಒಳಗೆ ಬಂದರೋ ನನಗೆ ಗೊತ್ತಿಲ್ಲ. ಅತ್ತೆಯವರು ಬಾಗಿಲಲ್ಲಿ ನಿಂತು, "ಏ ಹುಡುಗಿ, ಮಾಂವಾರು ಬಾಜೂಕ ನಿಂತಾರ, ಕಣ್ಣ ಕಾಣಸೂದಿಲ್ಲೇನ? ಸೆರಗರೆ ಹೊತ್ಕೊ!" ಎಂದು ಕೂಗಿದಾಗಲೇ ತಿಳಿದದ್ದು. ಆದರೆ ಕೆಂಪ್ಯಾ ಗಾಳಿಯಲ್ಲಿದ್ದ. ನಾನು ಏಳಲಿಲ್ಲ. ಅವನು ಮೂರನೆಯ ಹಲಗೆಯ ಮೇಲೆ ಕಾಲಿಟ್ಟ ಮೇಲೇ ತಲೆ ಎತ್ತಿದೆ.

ಮಾವನವರು ಬೈಯಲಿಲ್ಲ. ಟೊಪ್ಪಿಗೆ ತೆಗೆದು ಮುಖದ ಬೆವರು ಒರೆಸಿಕೊಂಡು ಮಗನ ಕಡೆ ನೋಡಿದರು. "ನೋಡಿದ್ಯಾ? ಮಾವ ಬಂದ್ರೂ ಏಳಲಿಲ್ಲ. ಇದಕ್ಕೇನ ಅಂತಿ, ನೆನಪಂತಿಯಾ? ಅಕಿಗೆ ಇದರಾಗ ಯಾ ನೆನಪೈತೋ?" ಆಮೇಲೆ ನನಗೆ ಹೇಳಿದರು: "ನೋಡವಾ ತಂಗಿ, ಇನ್ನ ಮ್ಯಾಲ ನನಗ ಏಳಬ್ಯಾಡ. ನಿನ್ನ ಮರ್ಯಾದಿ ನನಗ ಮುಟ್ಟೇತಿ."

ನಮ್ಮ ಮನೆಯವರು ಹಟಮಾರಿಯಾದರೂ ಆಡಿದ ಮಾತಿಗೆ ತಪ್ಪುವವರಲ್ಲ. ಅಂಗಡಿ ಮುಚ್ಚಲಿಲ್ಲ. ಆಮೇಲೆ ಮಾವನವರೇ, "ನಿನ್ನ ಮೊಬೈಲೂ ಇರ್ಲಿ, ಬಾ" ಎಂದು ಅರ್ಧ ಕೋಣೆ ಬಿಟ್ಟುಕೊಟ್ಟರು. ಬೇರೆ ಟಿವಿಗಳು ಹೋದವು, ಗುಡ್ಡದ ಆಟದ ಟಿವಿ ಮಾತ್ರ ಮೂಲೆಯಲ್ಲಿ ಉಳಿಯಿತು. ಯಲ್ಲಮ್ಮನ ಗುಡ್ಡಕ್ಕೆ ಹೊರಟವರು ಸಿಮ್ಮಿಗೆಂದು ಬಂದು, ಮೂಲೆಯಲ್ಲಿ ಕೂತು ಬಸ್ಸು ತಪ್ಪಿಸಿಕೊಂಡದ್ದನ್ನು ನಾನೇ ನೋಡಿದ್ದೇನೆ.

ಪಾತ್ರೆ ತಿಕ್ಕಿದ ಮೇಲೆ ಮಧ್ಯಾಹ್ನದ ಹೊತ್ತು ನನ್ನದು. ಒಂದು ದಿನ ಕೇಳಿದೆ, "ಮಾಂವಾರ, ಇದರಾಗ ಅಂಥಾದ್ದೇನೈತ್ರಿ?"

"ಚಲೋ ಮಾಸ್ತರ ಹೆಂಗ ಕಲಸ್ತಾನ? ಮೊದಲನೇ ಬಾವಿಗೆ ಮೆಟ್ಟಲಾ ಇಡ್ತಾನ, ಹೆದರಿಕಿ ಹೋಗ್ಲಿ ಅಂತ. ಎರಡನೇದಕ್ಕ ಇಡೂದಿಲ್ಲ, ಸೊಕ್ಕ ಬರಬಾರದಂತ. ಹೊಸಾ ಗೇಮಿನ್ಯಾಗ ಚಿತ್ರಾ ಚಂದ ಅದಾವು, ನಾ ಇಲ್ಲ ಅನ್ನೂದಿಲ್ಲ. ಆದ್ರ ಗುಂಡಿ ಒತ್ತಿದ ಕೂಡ್ಲೆ ಹಾರಬೇಕು. ಒತ್ತಿದ್ದೊಂದು, ಹಾರಿದ್ದೊಂದು ಆದ್ರ ಅದು ಮೋಸ." ಧೋತರದ ಚುಂಗಿನಿಂದ ಹ್ಯಾಂಡಲ್ ಒರೆಸುತ್ತ, "ಗಂಟಿ ಮಾತ್ರ ನಾನೂ ಬಾರಿಸಿಲ್ಲವಾ" ಎಂದರು.

ನನಗೆ ಆಶ್ಚರ್ಯವಾಯಿತು. ಗುಡ್ಡದ ತುದಿಯ ಹಲಗೆಗಳ ತನಕ ಅವರು ಎಷ್ಟೋ ಸಲ ಹೋಗಿದ್ದರು. ಒಂದೋ ಅಲ್ಲಿ ಬೀಳುತ್ತಿದ್ದರು, ಇಲ್ಲವೇ ಕರೆಂಟು ಹೋಗುತ್ತಿತ್ತು. ಕರೆಂಟು ಹೋದರೆ ಎಲ್ಲ ಮೊದಲಿನಿಂದ; ಆ ಆಟಕ್ಕೆ ನೆನಪಿಟ್ಟುಕೊಳ್ಳುವುದು ಗೊತ್ತಿರಲಿಲ್ಲ. ಈಗೀಗ ಹೆಬ್ಬೆರಳು ನಡುಗಲು ಹತ್ತಿತ್ತು. "ನನ್ನ ಕೈಲೆ ಆಗೂದಿಲ್ಲ. ನೀ ಬಾರಸು" ಎಂದರು. ಬಾರಿಸಿಯೇ ತೀರುತ್ತೇನೆ ಎಂದು ನಾನು ಅಂದೇ ಗಟ್ಟಿ ಮಾಡಿಕೊಂಡೆ.

ಸುಲಭದ್ದಲ್ಲ. ಮಕ್ಕಳಾದವು, ಅವು ಮಲಗಿದ ಹೊತ್ತೇ ನನ್ನ ಹೊತ್ತಾಯಿತು. ಎಷ್ಟೋ ಸಲ ಗುಡ್ಡದ ನಡುವಿನಲ್ಲಿ ಕರೆಂಟು ಹೋಯಿತು. ಕತ್ತಲಾದ ಪರದೆಯಲ್ಲಿ ನನ್ನ ಮುಖವೇ ಕಾಣುತ್ತಿತ್ತು. ಬಂದ ಮೇಲೆ ಮತ್ತೆ ಹಚ್ಚುತ್ತಿದ್ದೆ. ನನ್ನ ಹೆಬ್ಬೆರಳಿಗೂ ಜಡ್ಡು ಬಿತ್ತು. ನಮ್ಮವ್ವ ಬಂದಾಗ ಅದನ್ನು ನೋಡಿ, "ಬೀಸೂ ಕಲ್ಲಿನ ಕೆಲಸಾ ಹಚ್ಚ್ಯಾರೇನ ನಿನಗ?" ಎಂದು ಗಾಬರಿಯಾದಳು.

ಮಾವನವರಿಗೆ ದಮ್ಮು ಜೋರಾಯಿತು. ಕೊನೆಯ ತಿಂಗಳುಗಳಲ್ಲಿ ತಮ್ಮ ಮಂಚವನ್ನು ಅಂಗಡಿಯ ಮೂಲೆಗೇ ಹಾಕಿಸಿಕೊಂಡರು. ಕಣ್ಣು ಮುಚ್ಚಿಕೊಂಡಿದ್ದರೂ ಕಿವಿ ಟಿವಿಯ ಕಡೆಗೇ. ನಾನು ಅವರ ಕಾಲ ಬಳಿ ಕೂತು ಆಡುತ್ತಿದ್ದೆ. ಮೊದಲನೇ ಬಾವಿಗೆ ಬಿದ್ದರೆ, ಉಸಿರು ಎಷ್ಟೇ ಕಟ್ಟಿರಲಿ, "ಏಳು, ಮೆಟ್ಟಲಾ ಅದಾವು" ಎನ್ನುವುದನ್ನು ಬಿಡುತ್ತಿರಲಿಲ್ಲ. ಆ ಮಾತು ಕೇಳಲಿಕ್ಕೆಂದೇ ನಾನು ಬೇಕಂತಲೇ ಬೀಳುವುದು ರೂಢಿಯಾಗಿತ್ತು.

ಆ ದಿನ ಮಧ್ಯಾಹ್ನ ಕರೆಂಟು ಹೋಗಲಿಲ್ಲ. ತುದಿಯ ಹಲಗೆಗಳು ಬಂದವು. ಒಂದು, ಇನ್ನೊಂದು, ಮತ್ತೊಂದು. ಕೊನೆಯದರ ಅಂಚು ದಾಟಿ ಹೋಗುತ್ತಿದ್ದ ಕೆಂಪ್ಯಾನನ್ನು ಗಾಳಿಯಲ್ಲೇ ಹಿಂದಕ್ಕೆ ಎಳೆದುಕೊಂಡೆ, ನಿಂತ. ಮುಂದೆ ನೆಲ. ಗಂಟೆ ಹೊಡೆಯಿತು. ಆ ಸಪ್ಪಳವನ್ನು ನಮ್ಮ ಮನೆಯಲ್ಲಿ ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ.

"ಬಾರಿಸಿದಿ" ಎಂದರು ಮಾವನವರು, ಕಣ್ಣು ತೆರೆಯದೆ. ಮುಖದ ತುಂಬ ನಗು.

"ಬಾರಿಸಿದೆರಿ."

"ಚಲೋ ಆತು. ಇನ್ನ ಮೊದಲಿಂದ ಹಚ್ಚು."

ನನಗೂ ಅದೇ ಬೇಕಾಗಿತ್ತು. ಮೊದಲಿನಿಂದ ಹಚ್ಚಿದೆ. ಕೆಂಪ್ಯಾ ನಾಲ್ಕು ಹೆಜ್ಜೆ ನಡೆದ. ಬೇಕಂತಲೇ ಬಾವಿಗೆ ಕೆಡವಿದೆ. ಕೆಡವಿ ಕಾದೆ.

ಮಾತು ಬರಲಿಲ್ಲ.

ತಿರುಗಿ ನೋಡಿದೆ. ನಗು ಹಾಗೇ ಇತ್ತು. ಹೆಬ್ಬೆರಳು ಕೌದಿಯ ಮೇಲೆ ಸಡಿಲವಾಗಿ ಬಿದ್ದಿತ್ತು. ನಾನು ಕೂಗಲಿಲ್ಲ, ಯಾರನ್ನೂ ಕರೆಯಲಿಲ್ಲ, ಇನ್ನೂ. ಕೆಂಪ್ಯಾನನ್ನು ಮೆಟ್ಟಿಲು ಹತ್ತಿಸಿ ಬಾವಿಯ ಮೇಲೆ ನಿಲ್ಲಿಸಿದೆ. ಹ್ಯಾಂಡಲನ್ನು ಕೆಳಗಿಟ್ಟು, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಎದ್ದು ನಿಂತೆ. ಆ ಪಂದ್ಯದ ದಿನದಿಂದೀಚೆಗೆ ನಾನು ಅವರಿಗಾಗಿ ಎದ್ದು ನಿಂತದ್ದು ಅದೇ ಮೊದಲು.